ಎರಡು ಚೀಟಿಗಳ ನಡುವಿನ ದಿನಗಳು



ಇಂದು ನಾನು ತೆಗೆದುಕೊಂಡ ವಿಷಯ ಆರೋಗ್ಯ ವಿಮೆ. ಕನ್ನಡದಲ್ಲಿ ನಾವು ವಿಮೆ ಅನ್ನುತ್ತೇವೆ. ತೆಲುಗಿನಲ್ಲೂ ಉರ್ದುವಿನಲ್ಲೂ ಬೀಮಾ ಅನ್ನುತ್ತಾರೆ. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು ಆಡುವ ನಮಗೆ ಎರಡೂ ಶಬ್ದಗಳು ಪರಿಚಯದವೇ. ವಿಮೆ ಇದ್ದರೆ ಏನು ಸಿಗುತ್ತದೆ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಒಂದು ವಿಮೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಕೆಲವು ದಿನ ಖಾಲಿ ಬೀಳುತ್ತವಲ್ಲ, ಆ ದಿನಗಳ ಬಗ್ಗೆ ಹೇಳುವವರು ಕಡಿಮೆ. ಕಾಯಿಲೆ ಬರುವಾಗ ಪಂಚಾಂಗ ನೋಡಿ ಬರುವುದಿಲ್ಲ. ಆ ಖಾಲಿ ದಿನಗಳಲ್ಲೇ ಬಂದರೆ ಹೊಲದ ಕಾಗದ ಅಡವಿಗೆ ಹೋಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆಲ್ಲ ಇದು ಗೊತ್ತು. ಮಗಳ ಮದುವೆಗೆಂದು ಇಟ್ಟ ಠೇವಣಿಯನ್ನು ಅವಧಿಗೆ ಮುಂಚೆ ಮುರಿಸಲು ಬಂದವರನ್ನು ಕಾರಣ ಕೇಳಿದರೆ, ಹತ್ತಕ್ಕೆ ಆರು ಏಳು ಜನರ ಬಾಯಲ್ಲಿ ಬರುವುದು ದವಾಖಾನೆ ಎಂಬ ಒಂದೇ ಮಾತು.

ಯಾರು ಈ ನಡುವಿನ ದಿನಗಳಲ್ಲಿ ಸಿಕ್ಕಿಕೊಳ್ಳುತ್ತಾರೆ? ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುವವನು. ತಂದೆಯ ಪಾಲಿಸಿಯಿಂದ ವಯಸ್ಸು ಮೀರಿ ಹೊರಬಿದ್ದ ಹುಡುಗ. ನಿವೃತ್ತನಾದ ನೌಕರ. ಬೀದರ ಜಿಲ್ಲೆಯಿಂದ ಮದುವೆಯಾಗಿ ಸಿರ್ಗಾಪುರಕ್ಕೆ ಬಂದ ಸೊಸೆ. ಇವರೆಲ್ಲರಿಗೂ ನಿನ್ನೆ ಒಂದು ಚೀಟಿ ಇತ್ತು, ನಾಳೆ ಒಂದು ಚೀಟಿ ಬರುತ್ತದೆ, ಇಂದು ಮಾತ್ರ ಕೈ ಖಾಲಿ. ಈ ಖಾಲಿ ಜಾಗಕ್ಕೂ ಒಂದು ಇತಿಹಾಸ ಇದೆ. ಅದನ್ನು ಮೊದಲಿನಿಂದ ನೋಡೋಣ.

ನಮ್ಮ ಊರುಗಳಿಂದಲೇ ಶುರು ಮಾಡುತ್ತೇನೆ. 1956ರ ನವೆಂಬರ್ 1ಕ್ಕೆ ಮುಂಚೆ ನಾರಾಯಣಖೇಡ ಮತ್ತು ಜಹೀರಾಬಾದ್ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು, ಕೊಡಂಗಲ್ ತಾಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯ ಕಾಯಿದೆ ಬಂದಾಗ ನಿರ್ಣಾ ಸರ್ಕಲ್ಲನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲ್ಕಲ್ ಸರ್ಕಲ್, ನಾರಾಯಣಖೇಡ ತಾಲೂಕು, ಹಾಗೆಯೇ ತಾಂಡೂರು ಮತ್ತು ಕೊಡಂಗಲ್ ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ ಮೈಸೂರು ರಾಜ್ಯಕ್ಕೆ ಹೋಯಿತು. ಒಂದೇ ಜಿಲ್ಲೆಯ ಅಣ್ಣತಮ್ಮಂದಿರು ಒಂದು ರಾತ್ರಿ ಕಳೆಯುವುದರೊಳಗೆ ಎರಡು ರಾಜ್ಯದ ಪ್ರಜೆಗಳಾದರು. ಆಮೇಲೆ 2014ರ ಜೂನ್ 2ರಂದು ತೆಲಂಗಾಣ ಬಂತು. 2016ರ ಅಕ್ಟೋಬರಿನಲ್ಲಿ ಸಂಗಾರೆಡ್ಡಿ ಜಿಲ್ಲೆ ಆಯಿತು, ಸಿರ್ಗಾಪುರ ಮಂಡಲವಾಯಿತು. ಮನೆ ಇದ್ದಲ್ಲೇ ಇದೆ, ವಿಳಾಸ ಮಾತ್ರ ಬದಲಾಗುತ್ತ ಬಂತು.

ಆದರೆ ಒಂದು ಮಾತನ್ನು ಗಮನಿಸಿ. 1956ರ ಗಡಿ ಶಾಲೆಗೆ ತಟ್ಟಿತು, ಕಚೇರಿಗೆ ತಟ್ಟಿತು, ಪಹಣಿಗೆ ತಟ್ಟಿತು. ಕಾಯಿಲೆ ಬಿದ್ದವನಿಗೆ ಅದು ಬಹಳ ವರ್ಷ ಅಷ್ಟಾಗಿ ತಟ್ಟಲಿಲ್ಲ. ಹೆರಿಗೆಗೆ ತವರಿನ ಕಡೆಯ ಬೀದರಕ್ಕೆ ಹೋಗುತ್ತಿದ್ದರು. ದೊಡ್ಡ ಕಾಯಿಲೆಗೆ ಹೈದರಾಬಾದಿನ ಉಸ್ಮಾನಿಯಾ ದವಾಖಾನೆಗೆ ಹೋಗುತ್ತಿದ್ದರು. ಸರಕಾರಿ ದವಾಖಾನೆಯ ಕಿಟಕಿಯಲ್ಲಿ ಹೆಸರು, ಊರು, ವಯಸ್ಸು ಬರೆದುಕೊಂಡು ಒಂದು ಚೀಟಿ ಕೊಡುತ್ತಿದ್ದರು. ಆ ಚೀಟಿಗೆ ರಾಜ್ಯವಿರಲಿಲ್ಲ. ಖಾಸಗಿ ಡಾಕ್ಟರರಲ್ಲಿ ಹೋದರೆ ದುಡ್ಡು ಕೊಡಬೇಕು, ದುಡ್ಡಿಗೂ ರಾಜ್ಯವಿರಲಿಲ್ಲ. ಗಡಿ ರೋಗಿಯ ಮಂಚದ ಹತ್ತಿರ ಬಂದದ್ದು ಐವತ್ತು ವರ್ಷ ಕಳೆದ ಮೇಲೆ, ಸರಕಾರಗಳು ಬಡವರಿಗೆ ವಿಮೆ ಮಾಡಿಸಲು ಹೊರಟಾಗ. ಒಳ್ಳೆಯ ಕೆಲಸದ ಜೊತೆಗೇ ಗಡಿಯೂ ಬಂತು. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ದುಡಿಯುವವರ ವಿಮೆ. ಜಗತ್ತಿನಲ್ಲಿ ಕಾರ್ಮಿಕರ ಕಾಯಿಲೆ ವಿಮೆಯನ್ನು ಕಾನೂನಾಗಿ ಮಾಡಿದ ಮೊದಲ ದೇಶ ಜರ್ಮನಿ. ಬಿಸ್ಮಾರ್ಕ್ ಪ್ರಧಾನಿಯಾಗಿದ್ದಾಗ 1883ರಲ್ಲಿ ಅದು ಬಂತು. ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ನೌಕರರ ರಾಜ್ಯ ವಿಮಾ ಕಾಯಿದೆ ಆಯಿತು. ನಾವು ಇ.ಎಸ್.ಐ. ಎಂದು ಕರೆಯುವುದು ಇದನ್ನೇ. 1952ರ ಫೆಬ್ರುವರಿ 24ರಂದು ಕಾನಪುರದಲ್ಲಿ ಪಂಡಿತ ನೆಹರೂ ಅದನ್ನು ಉದ್ಘಾಟಿಸಿದರು.

ಈ ಕಾಯಿದೆ ಬರೆದವರು ನಡುವಿನ ದಿನಗಳ ಬಗ್ಗೆ ಚೆನ್ನಾಗಿ ಯೋಚಿಸಿದ್ದರು. ಲೆಕ್ಕ ಹೇಗೆಂದರೆ, ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ವಂತಿಗೆ ಕಟ್ಟುವ ಕಾಲ. ಅದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಕಟ್ಟಿದ್ದರ ಫಲ ಜುಲೈಯಿಂದ ಡಿಸೆಂಬರ್‌ವರೆಗೆ. ಒಂದು ವಂತಿಗೆ ಕಾಲದಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ ಕಾಯಿಲೆ ಭತ್ಯೆಯ ಹಕ್ಕು ಬರುತ್ತದೆ. ಇದರ ಗುಣ ನೋಡಿ. ಒಬ್ಬ ಹುಡುಗ ಏಪ್ರಿಲಿನಿಂದ ದುಡಿದು ಆಗಸ್ಟ್ ಕೊನೆಗೆ ಕೆಲಸ ಕಳೆದುಕೊಂಡ ಎನ್ನೋಣ. ಅವನ ವಂತಿಗೆ ಅಲ್ಲಿಗೆ ನಿಂತಿತು. ಆದರೆ ಕಟ್ಟಿದ್ದು ಸಾಯುವುದಿಲ್ಲ, ಮುಂದಿನ ವರ್ಷದ ಜೂನ್ ಕೊನೆಯವರೆಗೆ ಅವನನ್ನು ಕಾಯುತ್ತದೆ. ಬ್ಯಾಂಕಿನ ಲೆಜರಿನಲ್ಲಿ ಹಾಳೆ ಮುಗಿದಾಗ ಬಾಕಿಯನ್ನು ಮುಂದಿನ ಹಾಳೆಗೆ ಒಯ್ದು ಬರೆಯುತ್ತೇವಲ್ಲ, ಅದೇ ಪದ್ಧತಿ. ಐದು ವರ್ಷ ಇ.ಎಸ್.ಐ.ಯಲ್ಲಿದ್ದು ನಿವೃತ್ತನಾದವನು ವರ್ಷಕ್ಕೆ 120 ರೂಪಾಯಿ ಕಟ್ಟಿ ತನಗೂ ಹೆಂಡತಿಗೂ ವೈದ್ಯಸೌಲಭ್ಯ ಉಳಿಸಿಕೊಳ್ಳುವ ದಾರಿಯನ್ನೂ ನಿಯಮ ಮಾಡಿಕೊಟ್ಟಿತು. ಇದು ಬಹಳ ಮಂದಿಗೆ ಗೊತ್ತೇ ಇಲ್ಲ.

ಆದರೆ ಇದೇ ಕಾಯಿದೆಯಲ್ಲಿ ನಮ್ಮ ಭಾಗಕ್ಕೆ ಒಂದು ದೊಡ್ಡ ತೂತು ಇತ್ತು. ಹಂಗಾಮಿ ಕಾರ್ಖಾನೆಗಳಿಗೆ ಕಾಯಿದೆ ಅನ್ವಯಿಸುವುದಿಲ್ಲ ಎಂದು ಬರೆದರು. ಹಂಗಾಮಿ ಎಂದರೆ ಯಾವುವು? ಹತ್ತಿ ಜಿನ್ನಿಂಗ್, ನೆಲಗಡಲೆ ಸುಲಿಯುವುದು, ಸಕ್ಕರೆ ಮತ್ತು ಬೆಲ್ಲ. ಜಹೀರಾಬಾದಿನಿಂದ ಬೀದರದವರೆಗೆ ನಮ್ಮ ಜನಕ್ಕೆ ಹತ್ತಿರವಿದ್ದ ಕೂಲಿ ಇವೇ ಅಲ್ಲವೇ? ಕಬ್ಬಿನ ಹಂಗಾಮಿನಲ್ಲಿ ಕೆಲವು ತಿಂಗಳು ಕೆಲಸ, ಉಳಿದ ತಿಂಗಳು ಮನೆ. ನಾರಾಯಣಖೇಡ ಸುತ್ತಿನ ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವವರಂತೂ ಕಾರ್ಖಾನೆಯ ಹಾಜರಿ ಪುಸ್ತಕದಲ್ಲೇ ಬರುವುದಿಲ್ಲ, ಮೇಸ್ತ್ರಿಯ ಚೋಪಡಿಯಲ್ಲಿ ಬರುತ್ತಾರೆ. ಯಾರಿಗೆ ವರ್ಷದಲ್ಲಿ ಖಾಲಿ ತಿಂಗಳು ಹೆಚ್ಚೋ, ಅವರನ್ನೇ ಕಾಯಿದೆ ಹೊರಗೆ ನಿಲ್ಲಿಸಿತು. 1948ರ ಆ ಕಾಯಿದೆಯ ಜಾಗಕ್ಕೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಅದರಲ್ಲಿಯೂ ಇ.ಎಸ್.ಐ. ವಿಷಯಕ್ಕೆ ಹಂಗಾಮಿ ಕಾರ್ಖಾನೆಗಳನ್ನು ಹೊರಗೇ ಇಟ್ಟಿದ್ದಾರೆ.

ಇನ್ನು ದುಡ್ಡು ಕೊಟ್ಟು ಕೊಳ್ಳುವ ವಿಮೆ. 1972ರಲ್ಲಿ ಸಾಮಾನ್ಯ ವಿಮೆಯ ರಾಷ್ಟ್ರೀಕರಣದ ಕಾಯಿದೆ ಆಗಿ, 1973ರ ಜನವರಿ 1ರಿಂದ ನ್ಯಾಶನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರಕಾರಿ ಕಂಪನಿಗಳು ನಡೆದವು. ಇವು 1986ರಲ್ಲಿ ಮೆಡಿಕ್ಲೇಮ್ ಎಂಬ ಪಾಲಿಸಿ ತಂದವು. ಒಂದು ವರ್ಷಕ್ಕೆ ಪ್ರೀಮಿಯಂ ಕಟ್ಟಬೇಕು, ದವಾಖಾನೆಯಲ್ಲಿ ಮಲಗಿದರೆ ಖರ್ಚು ಬರುತ್ತದೆ. ಪಾಲಿಸಿ ಮೊದಲ ಸಲ ಮಾಡಿಸುವಾಗಲೇ ಮೈಯಲ್ಲಿದ್ದ ಕಾಯಿಲೆಗೆ ಆಗ ಬಾಗಿಲು ಪೂರ್ತಿ ಮುಚ್ಚಿತ್ತು. ನಿಜವಾದ ತೊಂದರೆ ಇದ್ದದ್ದು ನವೀಕರಣದಲ್ಲಿ. ಹತ್ತು ವರ್ಷ ಕಟ್ಟಿದವನು ಒಂದು ಸಲ ತಪ್ಪಿಸಿದರೆ ಹೊಸ ಗಿರಾಕಿಯಾಗಿ ಮತ್ತೆ ಬರಬೇಕು. ಈ ಹತ್ತು ವರ್ಷದಲ್ಲಿ ಬಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲವೂ ಹಳೆಯ ಕಾಯಿಲೆ ಎಂದು ಬರೆಯಲ್ಪಡುತ್ತಿದ್ದವು. ಕೆಲವೇ ದಿನಗಳ ಖಾಲಿ ಜಾಗ ಹತ್ತು ವರ್ಷದ ವಂತಿಗೆಯನ್ನು ನುಂಗುತ್ತಿತ್ತು. ಕಂಪನಿ ಬದಲಿಸಿದರೂ ಅದೇ ಗತಿ.

ಇದನ್ನು ಸರಿಪಡಿಸಲು ಕಾಲು ಶತಮಾನ ಬೇಕಾಯಿತು. 2011ರ ಅಕ್ಟೋಬರ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಪೋರ್ಟಬಿಲಿಟಿ ಎಂಬ ನಿಯಮ ತಂದಿತು. ಒಂದು ಕಂಪನಿಯಲ್ಲಿ ಕಳೆದ ಕಾಯುವ ಅವಧಿಯನ್ನು ಇನ್ನೊಂದು ಕಂಪನಿಯು ಒಪ್ಪಿಕೊಳ್ಳಬೇಕು ಎಂಬುದು ಅದರ ತಿರುಳು. ಖಾತೆಯನ್ನು ಒಂದು ಶಾಖೆಯಿಂದ ಇನ್ನೊಂದಕ್ಕೆ ವರ್ಗ ಮಾಡಿಸಿದಂತೆ ತಿಳಿಯಿರಿ. ನೌಕರಿ ಬಿಟ್ಟವನು ಕಂಪನಿಯ ಸಮೂಹ ಪಾಲಿಸಿಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ದಾಟುವ ದಾರಿಯೂ ಬಂತು. 2024ರ ನಿಯಮಗಳಲ್ಲಿ ಇನ್ನೂ ಸಡಿಲವಾಯಿತು. ಹಳೆಯ ಕಾಯಿಲೆಗೆ ಕಾಯಿಸುವ ಅವಧಿ ಹೆಚ್ಚೆಂದರೆ 48 ತಿಂಗಳಿದ್ದದ್ದು 36 ತಿಂಗಳಿಗೆ ಇಳಿಯಿತು. 60 ತಿಂಗಳು ಬಿಡದೆ ಕಟ್ಟಿದವನ ಕ್ಲೇಮನ್ನು, ವಂಚನೆ ಸಾಬೀತಾದರೆ ಹೊರತು, ಮೊದಲೇ ಹೇಳಲಿಲ್ಲ ಎಂಬ ನೆಪದಿಂದ ತಳ್ಳುವಂತಿಲ್ಲ ಎಂದಾಯಿತು. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ಕಟ್ಟೂ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಯ ಮೇಲಿದ್ದ ನೂರಕ್ಕೆ 18ರ ಜಿ.ಎಸ್.ಟಿ.ಯೂ ತೆಗೆಯಲ್ಪಟ್ಟಿತು.

ಈಗ ಗಡಿಯ ಕಥೆಗೆ ಬರೋಣ. ಕರ್ನಾಟಕದಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಹೃದಯ ತಜ್ಞ ಡಾಕ್ಟರ್ ದೇವಿ ಶೆಟ್ಟಿಯವರ ಪ್ರೇರಣೆಯಿಂದ ಯಶಸ್ವಿನಿ ಎಂಬ ಯೋಜನೆ ಬಂತು. 2003ರ ಜೂನ್ 1ರಿಂದ ನಡೆಯಿತು. ಸಹಕಾರ ಸಂಘದ ರೈತ ಸದಸ್ಯನು ಆಗ ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ಖರ್ಚು ಸಿಗುತ್ತಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ನಮ್ಮ ಕಡೆಯವರು ಇದನ್ನು ಬೀದರದ ನೆಂಟರ ಬಾಯಿಂದ ಕೇಳಿದರು. ಹೊಲ ಆಚೆ, ಮನೆ ಈಚೆ ಇದ್ದವರಿಗೆ ಮೊದಲ ಸಲ ಒಂದು ಪ್ರಶ್ನೆ ಎದ್ದಿತು: ನಾನು ಯಾವ ಕಡೆಯವನು?

ಇತ್ತ ಆಂಧ್ರಪ್ರದೇಶದಲ್ಲಿ ವೈ.ಎಸ್. ರಾಜಶೇಖರ ರೆಡ್ಡಿಯವರ ಸರಕಾರ 2007ರ ಏಪ್ರಿಲ್ 1ರಂದು ಮಹಬೂಬನಗರ, ಅನಂತಪುರ, ಶ್ರೀಕಾಕುಳಂ ಈ ಮೂರು ಜಿಲ್ಲೆಗಳಲ್ಲಿ ಆರೋಗ್ಯಶ್ರೀ ಆರಂಭಿಸಿತು. 2008ರ ಜುಲೈ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿತು. ಬಿಳಿ ರೇಶನ್ ಕಾರ್ಡು ಇದ್ದ ಮನೆಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ದೊಡ್ಡ ಚಿಕಿತ್ಸೆ, ಒಂದು ಪೈಸೆ ಪ್ರೀಮಿಯಂ ಇಲ್ಲ. ಕರ್ನಾಟಕವೂ ಇದನ್ನು ನೋಡಿ 2010ರ ಫೆಬ್ರುವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬುದನ್ನು ತಂದಿತು. ಅದನ್ನು ಮೊದಲು ಕೊಟ್ಟದ್ದು ನಮ್ಮ ನೆರೆಯ ಗುಲಬರ್ಗಾ ವಿಭಾಗಕ್ಕೆ, ಬೀದರವೂ ಸೇರಿದಂತೆ. ಆಮೇಲೆ ಬೆಳಗಾವಿ ವಿಭಾಗಕ್ಕೆ ಕೊಟ್ಟರು. ದಕ್ಷಿಣದ ಜಿಲ್ಲೆಗಳು 2012ರವರೆಗೆ ಕಾಯಬೇಕಾಯಿತು.

ಈ ಕಾಯುವ ಕಾಲದಲ್ಲಿ ಒಂದು ಅಧ್ಯಯನ ನಡೆಯಿತು. ಅದನ್ನು ನೀವು ತಿಳಿದಿರಬೇಕು. ನೀರಜ್ ಸೂದ್ ಮತ್ತು ಅವರ ಜೊತೆಗಾರರು ಯೋಜನೆ ಬಂದ ಉತ್ತರದ ಭಾಗ ಮತ್ತು ಬಾರದ ದಕ್ಷಿಣದ ಭಾಗ ಕೂಡುವ ಗೆರೆಯ ಎರಡೂ ಬದಿಯ ಹಳ್ಳಿಗಳನ್ನು ಆರಿಸಿಕೊಂಡರು. ಗೆರೆಯ ಈಚೆ 300 ಹಳ್ಳಿ, ಆಚೆ 272 ಹಳ್ಳಿ. ಮಳೆ ಅದೇ, ಮಣ್ಣು ಅದೇ, ಬಡತನ ಅದೇ. ಬೇರೆ ಇದ್ದದ್ದು ಚೀಟಿಯೊಂದೇ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಫಲಿತಾಂಶ ಅಚ್ಚಾಯಿತು. ಯೋಜನೆಯಲ್ಲಿ ಚಿಕಿತ್ಸೆ ಇದ್ದ ಹೃದಯ, ಕ್ಯಾನ್ಸರ್ ಮುಂತಾದ ಕಾಯಿಲೆಗಳಿಂದ ಆದ ಸಾವು ಚೀಟಿ ಇದ್ದ ಬಡವರ ಮನೆಗಳಲ್ಲಿ ನೂರಕ್ಕೆ 0.32, ಗೆರೆಯಾಚೆ ಚೀಟಿ ಇಲ್ಲದ ಬಡವರ ಮನೆಗಳಲ್ಲಿ ನೂರಕ್ಕೆ 0.90. ಅಂದರೆ ನೂರಕ್ಕೆ 64ರಷ್ಟು ಕಡಿಮೆ. ಸಾವಿರ ಲೆಕ್ಕದಲ್ಲಿ ಹೇಳಿದರೆ ಒಂಬತ್ತು ಹೆಣ ಬೀಳುವಲ್ಲಿ ಮೂರು ಬಿದ್ದವು. ಉಳಿದ ಆರು ಜನ ಗೆರೆಯ ಯಾವ ಬದಿಗೆ ಹುಟ್ಟಿದ್ದರು ಎಂಬುದರ ಮೇಲೆ ಉಳಿದರು.

ಆ ಗೆರೆ ಎರಡು ವಿಭಾಗಗಳ ನಡುವಿನದು, ಎರಡು ವರ್ಷದಲ್ಲಿ ಅಳಿಸಿಹೋಯಿತು. ನಮ್ಮದು ಎರಡು ರಾಜ್ಯಗಳ ನಡುವಿನದು. ಆದ್ದರಿಂದ ಈ ಅಂಕಿಗಳನ್ನು ನಾವು ಬೇರೆಯವರ ಸುದ್ದಿ ಎಂದು ಕೇಳುವಂತಿಲ್ಲ.

ಗೆರೆ ನೆಲದ ಮೇಲೆ ಇರುವಂತೆ ಕಾಲದ ಮೇಲೂ ಬೀಳುತ್ತದೆ. ಯಶಸ್ವಿನಿಯ ಕಥೆ ಅದಕ್ಕೆ ಸಾಕ್ಷಿ. 2018ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಹಲವು ಯೋಜನೆಗಳನ್ನು ಕೂಡಿಸಿ ಆರೋಗ್ಯ ಕರ್ನಾಟಕ ಎಂದು ಮಾಡಿತು. ಯಶಸ್ವಿನಿ ನಿಂತಿತು. ಹೊಸ ಯೋಜನೆಯಲ್ಲಿ ಬಡತನದ ಕಾರ್ಡು ಇದ್ದವರಿಗೆ ಪೂರ್ತಿ ಖರ್ಚು, ಇಲ್ಲದವರಿಗೆ ನೂರಕ್ಕೆ 30 ಮಾತ್ರ. ಯಶಸ್ವಿನಿಯಲ್ಲಿ ಸಂಘದ ಸದಸ್ಯತ್ವ ನೋಡುತ್ತಿದ್ದರು, ಕಾರ್ಡಿನ ಬಣ್ಣ ನೋಡುತ್ತಿರಲಿಲ್ಲ. ಹೀಗಾಗಿ ಹದಿನೈದು ವರ್ಷ ಕಟ್ಟುತ್ತ ಬಂದ ನಡುವಿನ ದರ್ಜೆಯ ರೈತ ಮೊದಲಿಗಿಂತ ಕೆಳಗೆ ಬಂದ. ರೈತರು ಕೇಳುತ್ತಲೇ ಇದ್ದರು. ಕೊನೆಗೆ ಬಸವರಾಜ ಬೊಮ್ಮಾಯಿಯವರ ಸರಕಾರ 2022ರಲ್ಲಿ ಮತ್ತೆ ಘೋಷಿಸಿ, 2023ರ ಜನವರಿ 1ರಿಂದ ಯಶಸ್ವಿನಿಯ ಚಿಕಿತ್ಸೆ ಮತ್ತೆ ಶುರುವಾಯಿತು. ಗ್ರಾಮೀಣ ಸಹಕಾರಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದವರೆಗೆ ಚಿಕಿತ್ಸೆ ಎಂದು ಗೊತ್ತು ಮಾಡಿದರು. ನಡುವೆ ಹೋದದ್ದು ನಾಲ್ಕೂವರೆ ವರ್ಷ. ಅದರೊಳಗೇ ಕೊರೊನಾ ಬಂದು ಹೋಯಿತು.

ಕೇಂದ್ರ ಸರಕಾರದ ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಆರಂಭವಾಯಿತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ದೇಶದ ಯಾವ ರಾಜ್ಯದ ನೋಂದಾಯಿತ ದವಾಖಾನೆಯಲ್ಲಾದರೂ ಚಿಕಿತ್ಸೆ ಎಂಬುದು ಅದರ ಹೊಸತನ. ಗಡಿ ಜನರಿಗೆ ಇದಕ್ಕಿಂತ ಬೇಕಾದ ಮಾತು ಇನ್ನಿಲ್ಲ. ಕರ್ನಾಟಕ ಅದೇ ವರ್ಷ ಅಕ್ಟೋಬರಿನಲ್ಲಿ ತನ್ನ ಯೋಜನೆಯನ್ನು ಅದರೊಂದಿಗೆ ಕೂಡಿಸಿತು. ತೆಲಂಗಾಣ ತನ್ನ ಆರೋಗ್ಯಶ್ರೀಯೇ ಸಾಕೆಂದು ಹೊರಗೆ ನಿಂತು, 2021ರ ಮೇ ತಿಂಗಳಲ್ಲಿ ಸೇರಿತು. ಎರಡೂವರೆ ವರ್ಷ ಆಚೆ ಒಂದು ಕಾಲ, ಈಚೆ ಒಂದು ಕಾಲ. 2023ರ ಡಿಸೆಂಬರಿನಲ್ಲಿ ತೆಲಂಗಾಣವು ಆರೋಗ್ಯಶ್ರೀಯ ಮಿತಿಯನ್ನು 10 ಲಕ್ಷಕ್ಕೆ ಏರಿಸಿತು. ಆದರೆ ದೇಶದೆಲ್ಲೆಡೆ ನಡೆಯುವ ಹಕ್ಕು ಕೇಂದ್ರದ ಪಟ್ಟಿಯಲ್ಲಿ ಹೆಸರಿದ್ದವರಿಗೆ. ರಾಜ್ಯವು ತನ್ನ ಖರ್ಚಿನಿಂದ ಸೇರಿಸಿಕೊಂಡ ಮನೆಗಳಿಗೆ ಅದು ತಾನಾಗಿ ಬರುವುದಿಲ್ಲ. ಇದನ್ನು ನೆನಪಿಡಿ. ಕಾರ್ಡು ಕೈಯಲ್ಲಿ ಇದೆ ಎಂದು ನಂಬಿ ಗಡಿ ದಾಟಿ ಮಲಗುವ ಮುಂಚೆ ಯಾವ ಪಟ್ಟಿಯ ಕಾರ್ಡು ಎಂದು ಕೇಳಿಕೊಳ್ಳಬೇಕು.

ಹಾಗಾದರೆ ಈ ನಡುವಿನ ದಿನಗಳಿಗೆಂದೇ ಮಾಡಿದ ಅಲ್ಪಾವಧಿ ವಿಮೆ ಇಲ್ಲವೇ ಎಂದು ನೀವು ಕೇಳಬಹುದು. ಅಮೇರಿಕದಲ್ಲಿ ಇದೆ. ಅಲ್ಲಿ ಬಹಳ ಮಂದಿಯ ವಿಮೆ ನೌಕರಿಗೆ ಕಟ್ಟಿದ್ದು, ನೌಕರಿ ಹೋದರೆ ವಿಮೆ ಹೋಯಿತು. 1986ರಲ್ಲಿ ಒಂದು ಕಾನೂನು ಮಾಡಿ, ಕೆಲಸ ಬಿಟ್ಟವನು ಪೂರ್ತಿ ಪ್ರೀಮಿಯಂ ತಾನೇ ಕಟ್ಟಿದರೆ ಸಾಮಾನ್ಯವಾಗಿ 18 ತಿಂಗಳು ಹಳೆಯ ವಿಮೆಯಲ್ಲೇ ಇರಬಹುದು ಎಂದರು. ಅದು ದುಬಾರಿ ಎಂದು ಕೆಲವರು ಕಡಿಮೆ ಬೆಲೆಯ ಅಲ್ಪಾವಧಿ ಪಾಲಿಸಿ ಕೊಳ್ಳುತ್ತಾರೆ. ಅವು ಹಳೆಯ ಕಾಯಿಲೆಯನ್ನು ಬಿಟ್ಟುಬಿಡುತ್ತವೆ, ಹೆರಿಗೆಯನ್ನೂ ಅನೇಕ ಸಲ ಬಿಡುತ್ತವೆ. 2016ರಲ್ಲಿ ಅವು ಮೂರು ತಿಂಗಳೊಳಗೆ ಮುಗಿಯಬೇಕು ಎಂದರು. 2018ರಲ್ಲಿ ಒಂದು ವರ್ಷದ ಹತ್ತಿರಕ್ಕೆ ಬಿಟ್ಟು, ನವೀಕರಿಸಿ ಮೂರು ವರ್ಷದವರೆಗೆ ಎಳೆಯಬಹುದು ಎಂದರು. 2024ರಲ್ಲಿ ಮತ್ತೆ ನಾಲ್ಕು ತಿಂಗಳಿಗೆ ಇಳಿಸಿದರು. 2025ರಲ್ಲಿ ಹೊಸ ಆಡಳಿತ ಆ ಮಿತಿಯನ್ನು ಒತ್ತಿ ಜಾರಿ ಮಾಡುವುದಿಲ್ಲ ಎಂದಿತು. ನಿಮ್ಮ ಮಗನೋ ಮೊಮ್ಮಗಳೋ ಅಲ್ಲಿದ್ದು ಕೆಲಸ ಬದಲಿಸುತ್ತಿದ್ದರೆ, ಅಗ್ಗದ ಪಾಲಿಸಿಯಲ್ಲಿ ಏನು ಇಲ್ಲ ಎಂಬುದನ್ನು ಮೊದಲು ಓದು ಎಂದು ಫೋನಿನಲ್ಲಿ ಹೇಳಿ.

ನಮ್ಮ ದೇಶದಲ್ಲಿ ಅಲ್ಪಾವಧಿಯ ಆರೋಗ್ಯ ವಿಮೆ ಹಳ್ಳಿಯವರೆಗೂ ಹೆಸರಾದದ್ದು ಒಂದೇ ಸಲ, ಕೊರೊನಾ ಕಾಲದಲ್ಲಿ. 2020ರ ಜುಲೈಯಲ್ಲಿ ಪ್ರಾಧಿಕಾರದ ಅಪ್ಪಣೆಯಂತೆ ಕೊರೊನಾ ಕವಚ್ ಎಂಬ ಪಾಲಿಸಿ ಬಂತು. ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳು ಎಂದು ಮೂರು ಅವಧಿ. 50 ಸಾವಿರದಿಂದ 5 ಲಕ್ಷದವರೆಗೆ ಮೊತ್ತ. ಮೊದಲ 15 ದಿನ ಕಾಯಬೇಕು. ಒಂದೇ ಸಲ ಪ್ರೀಮಿಯಂ. ಮನೆಯಲ್ಲೇ ಮಾಡಿಸಿಕೊಂಡ ಚಿಕಿತ್ಸೆಗೂ 14 ದಿನದವರೆಗೆ ಖರ್ಚು ಸಿಗುವಂತೆ ಇತ್ತು. 2021ರ ಮಾರ್ಚ್ 31ರವರೆಗೆ ಮಾರಬೇಕೆಂದು ಇದ್ದದ್ದನ್ನು ಮುಂದೆ ವಿಸ್ತರಿಸಿದರು. ಅದು ಒಂದೇ ಕಾಯಿಲೆಯ ಛತ್ರಿ. ಹೃದಯಾಘಾತವಾದರೆ, ಟ್ರ್ಯಾಕ್ಟರ್ ಮಗುಚಿದರೆ ಅದರಿಂದ ಉಪಯೋಗವಿಲ್ಲ. ಆದರೂ ಒಂದು ಮಾತು ತೋರಿಸಿತು: ಮನಸ್ಸು ಮಾಡಿದರೆ ವರ್ಷದ ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ ವಿಮೆ ಕೊಡಬಹುದು. ಹಂಗಾಮಿನ ಜನರಿಗೆ ಅಂಥದೊಂದು ಸರ್ವರೋಗದ ಪಾಲಿಸಿ ಬಂದಿದ್ದರೆ ಎಂದು ಅನಿಸದೆ ಇರುವುದಿಲ್ಲ.

ಈಗ ನಮ್ಮ ಮನೆಗಳಿಗೆ ಬರುತ್ತೇನೆ. ಸೊಸೆಯ ವಿಷಯ ಮೊದಲು. ಬೀದರ, ಔರಾದ್, ಭಾಲ್ಕಿ ಕಡೆಯಿಂದ ಹೆಣ್ಣು ತರುವುದು ನಮ್ಮಲ್ಲಿ ಇಂದಿಗೂ ಇದೆ. ಮದುವೆಯಾದ ಮೇಲೆ ತವರಿನ ರೇಶನ್ ಕಾರ್ಡಿನಿಂದ ಹೆಸರು ತೆಗೆಸುತ್ತಾರೆ. ಇಲ್ಲಿಯ ಕಾರ್ಡಿಗೆ ಹೆಸರು ಸೇರಲು ತಿಂಗಳು ಹಿಡಿಯಬಹುದು, ವರ್ಷವೂ ಹಿಡಿದದ್ದುಂಟು. ತೆಲಂಗಾಣದಲ್ಲಿ ಹೊಸ ಕಾರ್ಡುಗಳು ಬಹುಕಾಲ ಅಪರೂಪವಾಗಿ, 2025ರಲ್ಲಿ ದೊಡ್ಡ ಪ್ರಮಾಣದಲ್ಲಿ ಹಂಚಲ್ಪಟ್ಟವು. ಇಂಥ ಕಾಲದಲ್ಲಿ ಆ ಹುಡುಗಿ ಎರಡೂ ರಾಜ್ಯದ ಲೆಕ್ಕದಲ್ಲಿ ಇಲ್ಲ. ಅದೂ ಯಾವ ವಯಸ್ಸು? ಮೊದಲ ಬಸುರಿ, ಮೊದಲ ಬಾಣಂತನದ ವಯಸ್ಸು. ಇಡೀ ಮನೆಯಲ್ಲಿ ಚೀಟಿಯ ಅಗತ್ಯ ಹೆಚ್ಚು ಇರುವವಳೇ ಚೀಟಿ ಇಲ್ಲದವಳು. ಹೊಟ್ಟೆಯ ಅಕ್ಕಿಗಾದರೆ ಮನೆಯ ಉಳಿದವರ ಪಾಲಿನಲ್ಲಿ ಹಂಚಿಕೊಂಡು ಉಣ್ಣಬಹುದು. ಆಪರೇಶನ್ನನ್ನು ಹಂಚಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿಸುವಾಗಲೇ ಎರಡೂ ಕಡೆಯ ಹಿರಿಯರು ಕೂತು ಕಾರ್ಡಿನ ಮಾತೂ ಆಡಿ. ತೆಗೆಸಿದ ಅರ್ಜಿಯ ರಸೀದಿ, ಸೇರಿಸಿದ ಅರ್ಜಿಯ ರಸೀದಿ ಎರಡನ್ನೂ ಇಟ್ಟುಕೊಳ್ಳಿ. ಕೆಲಸ ತಡಮಾಡದೆ ಬೆನ್ನು ಹತ್ತಿ.

ಕಾರ್ಖಾನೆ ಹುಡುಗರ ಮಾತು ಎರಡನೆಯದು. ಜಹೀರಾಬಾದ್, ಪಟಾನ್‌ಚೆರು ಕಡೆ ದುಡಿಯುವವರು ಕಂತ್ರಾಟುದಾರ ಬದಲಾದಾಗ ಹೊಸ ಇ.ಎಸ್.ಐ. ಸಂಖ್ಯೆ ಮಾಡಿಸಿಕೊಳ್ಳಬೇಡಿ. ಹಳೆಯ ಸಂಖ್ಯೆಯನ್ನೇ ಕೊಡಿ. ಸಂಖ್ಯೆ ಬದಲಾದರೆ ನೀವು ಕಟ್ಟಿದ ದಿನಗಳು ಎರಡು ಖಾತೆಯಲ್ಲಿ ಹರಿದು ಬೀಳುತ್ತವೆ, 78ರ ಲೆಕ್ಕ ಎರಡರಲ್ಲೂ ತುಂಬುವುದಿಲ್ಲ. ಕೆಲಸ ಹೋದರೆ 2018ರಲ್ಲಿ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ನಿರುದ್ಯೋಗ ಪರಿಹಾರ ಸಿಗುವುದೋ ಎಂದು ಇ.ಎಸ್.ಐ. ಶಾಖೆಯಲ್ಲಿ ವಿಚಾರಿಸಿ.

ಮೂರನೆಯದು ನನ್ನಂಥ ನಿವೃತ್ತರ ಮಾತು. ಬ್ಯಾಂಕು ನೌಕರರಿಗೆ 2015ರ ಮೇ ತಿಂಗಳ ಹತ್ತನೆಯ ದ್ವಿಪಕ್ಷೀಯ ಒಪ್ಪಂದದಿಂದ ಸಮೂಹ ಆರೋಗ್ಯ ವಿಮೆ ಬಂತು. ಸೇವೆಯಲ್ಲಿದ್ದವರ ಪ್ರೀಮಿಯಂ ಬ್ಯಾಂಕು ಕಟ್ಟಿತು. ನಿವೃತ್ತರು ಬೇಕೆಂದರೆ ತಾವೇ ಕಟ್ಟಿ ಸೇರಬಹುದು ಎಂದಾಯಿತು. ಪ್ರೀಮಿಯಂ ವರ್ಷದಿಂದ ವರ್ಷಕ್ಕೆ ಏರಿದಾಗ ಪಿಂಚಣಿ ಸಣ್ಣದಾದವರು ಒಬ್ಬೊಬ್ಬರಾಗಿ ಬಿಟ್ಟರು. ಬಿಟ್ಟವರಿಗೆ ಮುಂದಿನ ಬಾಗಿಲು ಎಲ್ಲಿ? 70 ತುಂಬಿದವರಿಗೆ ಆದಾಯ ನೋಡದೆ 5 ಲಕ್ಷದ ಆಯುಷ್ಮಾನ್ ಚಿಕಿತ್ಸೆ ಎಂದು 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರ ಆರಂಭಿಸಿತು. ರಾಜ್ಯಗಳ ಜೊತೆಗೂಡಿ ನಡೆಯಬೇಕಾದ ಕೆಲಸವಾದ್ದರಿಂದ ನಿಮ್ಮ ಊರಿನಲ್ಲಿ ಅದು ಸಿಗುವುದೋ ಎಂದು 14555ಕ್ಕೆ ಫೋನು ಮಾಡಿ ಕೇಳಿ. ಆದರೆ ನೌಕರಿ 60ಕ್ಕೆ ಮುಗಿಯುತ್ತದೆ, ಈ ಬಾಗಿಲು 70ಕ್ಕೆ ತೆರೆಯುತ್ತದೆ. ನಡುವಿನ ಹತ್ತು ವರ್ಷವೇ ಮಂಡಿ ಸವೆಯುವ, ಕಣ್ಣಿಗೆ ಪೊರೆ ಬರುವ, ಎದೆ ನೋಯುವ ವರ್ಷಗಳು. ಆದ್ದರಿಂದ 60ಕ್ಕೆ ಮುಂಚೆಯೇ, ಮೈ ಗಟ್ಟಿಯಿರುವಾಗಲೇ, ಸಣ್ಣದಾದರೂ ಸ್ವಂತ ಪಾಲಿಸಿ ಮಾಡಿಸಿ ಕಾಯುವ ವರ್ಷಗಳನ್ನು ಕಳೆದುಬಿಡಿ. ಬೆಂಕಿ ಬಿದ್ದಾಗ ಬಾವಿ ತೋಡಲು ಹೋಗಬಾರದು.

ಪಾಲಿಸಿ ಇರುವವರಿಗೆ ಎರಡು ತಾರೀಖು ಮುಖ್ಯ. ಒಂದು, ಮುಗಿಯುವ ದಿನ. ವರ್ಷದ ಪ್ರೀಮಿಯಂ ಆದರೆ ಆಮೇಲೆ 30 ದಿನದ ಗ್ರೇಸ್ ಸಿಗುತ್ತದೆ. ಅದರೊಳಗೆ ಕಟ್ಟಿದರೆ ನೀವು ಕಳೆದ ಕಾಯುವ ವರ್ಷಗಳು ಉಳಿಯುತ್ತವೆ. ಆದರೆ ವರ್ಷದ ಕಂತು ಕಟ್ಟುವ ಪಾಲಿಸಿಯಲ್ಲಿ ಕಟ್ಟದೆ ಬಿಟ್ಟ ದಿನಗಳಲ್ಲಿ ದವಾಖಾನೆಗೆ ಸೇರಿದರೆ ಆ ಖರ್ಚು ನಿಮ್ಮದೇ. ಗ್ರೇಸ್ ಎಂದರೆ ವಿಮೆ ನಡೆಯುತ್ತಿದೆ ಎಂದು ಅರ್ಥವಲ್ಲ. ಎರಡು, ಕಂಪನಿ ಬದಲಿಸುವವರು ಮುಗಿಯುವ ದಿನಕ್ಕೆ ಒಂದೂವರೆ ತಿಂಗಳು ಮುಂಚೆಯೇ ಹೊಸ ಕಂಪನಿಗೆ ಅರ್ಜಿ ಕೊಡಬೇಕು. ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ.

ಒಟ್ಟಿನಲ್ಲಿ ಈ ಇತಿಹಾಸ ಏನು ಹೇಳುತ್ತದೆ? ಒಳ್ಳೆಯ ಯೋಜನೆ ಬರುವುದು ದೊಡ್ಡದು, ಒಂದರಿಂದ ಇನ್ನೊಂದಕ್ಕೆ ದಾಟುವ ಸಂಕ ಹಾಕುವುದೂ ಅಷ್ಟೇ ದೊಡ್ಡದು. ಇ.ಎಸ್.ಐ. ಕಟ್ಟಿದವರು 1948ರಲ್ಲೇ ಆ ಸಂಕ ಹಾಕಿದರು, ಹಂಗಾಮಿನವರನ್ನು ದಡದಲ್ಲಿ ಬಿಟ್ಟರು. ಮೆಡಿಕ್ಲೇಮಿಗೆ ಸಂಕ ಬರಲು 25 ವರ್ಷ ಹಿಡಿಯಿತು. ಯಶಸ್ವಿನಿಯನ್ನು ನಿಲ್ಲಿಸುವಾಗ ಅದು ಸಾಕಷ್ಟು ಗಟ್ಟಿಯಾಗಿರಲಿಲ್ಲ. ಎರಡು ರಾಜ್ಯಗಳ ಕಾರ್ಡುಗಳ ನಡುವಿನದು ಇನ್ನೂ ಅರ್ಧವೇ ಆಗಿದೆ. ಅದನ್ನು ಪೂರ್ತಿ ಮಾಡಿ ಎಂದು ಕೇಳುವುದು ನಮ್ಮ ಹಕ್ಕು. ಗ್ರಾಮಸಭೆಯಲ್ಲಿ ತೆಲುಗಿನಲ್ಲಿ ಕೇಳಿ, ಬೀದರಕ್ಕೆ ಹೋದಾಗ ಕನ್ನಡದಲ್ಲಿ ಕೇಳಿ. ಎರಡು ಭಾಷೆ ಬಲ್ಲವರು ಎರಡು ಕಡೆಯೂ ಕೇಳಬಹುದು.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ಕು ತೆಗೆದುಕೊಳ್ಳಿ. ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ಕೊಡಿ, ಕೂಸಿಗೂ ಅಜ್ಜಿಗೂ. ಯಾವ ಚೀಟಿ ಇದೆ, ಅದರ ಸಂಖ್ಯೆ ಏನು, ಎಂದು ಮುಗಿಯುತ್ತದೆ, ಯಾವ ರಾಜ್ಯದಲ್ಲಿ ನಡೆಯುತ್ತದೆ, ಇಷ್ಟು ಬರೆಯಿರಿ. ಯಾರ ಹಾಳೆ ಖಾಲಿ ಉಳಿಯಿತೋ ಅವರ ಹೆಸರಿನ ಕೆಲಸ ನಾಳೆಯೇ ಶುರು ಮಾಡಿ. ದವಾಖಾನೆಗೆ ಹೋದಾಗ ಆ ಪುಸ್ತಕ ಜೊತೆಗಿರಲಿ, ಮೊದಲು ಆರೋಗ್ಯಮಿತ್ರನ ಮೇಜಿಗೆ ಹೋಗಿ. ಆಚೆಯೂ ಈಚೆಯೂ ಅವನಿಗೆ ಇರುವ ಹೆಸರು ಒಂದೇ.